ಮನೆ ಐಸ್‌ಕ್ರೀಂ ಯಾಕೆ ಹಾಳಾಗ್ತದೆ: ರೆಸಿಪಿಗೆ ಬೈಯುವ ಮೊದ್ಲು ಫ್ರೀಜರ್ ನೋಡಿ

ಮಂಗಳೂರಲ್ಲಿ ಕೂತು ಮನೆಯಲ್ಲಿ ಐಸ್‌ಕ್ರೀಂ ಮಾಡ್ಲಿಕ್ಕೆ ಸ್ವಲ್ಪ ಧೈರ್ಯ ಬೇಕು ಮಾರಾಯ್ರೆ, ಯಾಕಂದ್ರೆ ತಿನ್ನುವವರ ನಾಲಿಗೆ ಮೊದ್ಲೇ ಪಳಗಿ ಆಗಿದೆ. 1975ರಲ್ಲಿ ಐಡಿಯಲ್ ಐಸ್‌ಕ್ರೀಂ ಶುರುವಾದ ಊರು, ಐಸ್‌ಕ್ರೀಂ ಹಣ್ಣು ಜೆಲ್ಲಿ ಎಲ್ಲ ಗ್ಲಾಸಲ್ಲಿ ಜೋಡಿಸಿ ಕೊಡುವ ಗಡ್‌ಬಡ್ ಹುಟ್ಟಿದ್ದು ನಮ್ಮಲ್ಲಿ ಅಂತ ಉಡುಪಿಯವರು ಒಂದು ಕಡೆ ಮಂಗಳೂರಿನವರು ಒಂದು ಕಡೆ ಎಳೆದಾಡುವ ಕರಾವಳಿ, 1984ರಲ್ಲಿ ಮುಂಬೈಯ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಂ ಅಂಗಡಿ ತೆರೆದ ರಘುನಂದನ ಕಾಮತರೂ ನಮ್ಮ ಕಡೆಯವರೇ. ಇಂಥಾ ಊರಲ್ಲಿ ನೀವು ಡಬ್ಬಿ ಮುಚ್ಚಳ ತೆಗೆದಾಗ ಒಳಗೆ ಮಂಜುಗಡ್ಡೆ ಇದ್ರೆ ಮಕ್ಕಳು ಬಾಯಲ್ಲಿ ಎಂತ ಹೇಳುದಿಲ್ಲ, ಸುಮ್ನೆ ಸ್ಪೂನ್ ಕೆಳಗಿಡ್ತಾರೆ.

ಕಳೆದ ಮೇ ತಿಂಗಳಲ್ಲಿ ನಾನು ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ರೆಸಿಪಿ ಬದಲಾಯಿಸಿದೆ, ನಾಲ್ಕು ಸಲವೂ ಅದೇ ಕಟಕಟ. ಕಡೆಗೆ ನೋಡಿದ್ರೆ ತಪ್ಪು ರೆಸಿಪಿಯದ್ದೇ ಅಲ್ಲ. ಅದಕ್ಕೇ ಇದನ್ನು ಬರೀತಾ ಇದ್ದೇನೆ, ಕಾಣುವ ಲಕ್ಷಣದಿಂದ ಶುರು ಮಾಡಿ, ಖರ್ಚಿಲ್ಲದ ಚೆಕ್ ಮೊದ್ಲು, ಖರ್ಚಿನದ್ದು ಕಡೆಗೆ.

ನಾನು ಮಾಡುವ ಅಳತೆ ಮೊದ್ಲು ಹೇಳ್ತೇನೆ, ಇಲ್ಲಾಂದ್ರೆ ಮುಂದೆ ಹೇಳುದು ತಲೆಗೆ ಹೋಗುದಿಲ್ಲ. ಫುಲ್ ಕ್ರೀಂ ಹಾಲು ಅರ್ಧ ಲೀಟರ್, ಸಕ್ಕರೆ 120 ಗ್ರಾಂ, ಹಾಲಿನ ಪುಡಿ ಎರಡು ದೊಡ್ಡ ಚಮಚ, ಜಿಎಂಎಸ್ ಪುಡಿ ಒಂದು ದೊಡ್ಡ ಚಮಚ, ಸಿಎಂಸಿ ಪುಡಿ ಕಾಲು ಟೀ ಚಮಚ, ಇಷ್ಟನ್ನು ಕುದಿಸಿ ತಣಿಸಿ ಫ್ರೀಜರಲ್ಲಿ ಇಟ್ಟು, ಅರ್ಧ ಗಟ್ಟಿಯಾದ ಮೇಲೆ 200 ಎಂಎಲ್ ಕ್ರೀಂ ಹಾಕಿ ಬೀಟರಲ್ಲಿ ಹೊಡೆದು ಪುನಃ ಇಡುದು. ಜಿಎಂಎಸ್ ಅಂದ್ರೆ ಕೊಬ್ಬು ನೀರು ಬೇರೆಯಾಗದ ಹಾಗೆ ಹಿಡಿಯುವ ಪುಡಿ, ಸಿಎಂಸಿ ಅಂದ್ರೆ ದಪ್ಪ ಮಾಡುವ ಪುಡಿ, ಎರಡೂ ಬೇಕರಿ ಸಾಮಾನು ಮಾರುವ ಅಂಗಡಿಯಲ್ಲಿ ಸಣ್ಣ ಡಬ್ಬಿಯಲ್ಲಿ ಸಿಗ್ತದೆ.

ಮೊದ್ಲು ನಾಲಿಗೆ ಟೆಸ್ಟ್

ಅರ್ಧ ಚಮಚ ತೆಗೆದು ನಾಲಿಗೆ ಮೇಲೆ ಇಡಿ, ಅಗಿಬೇಡಿ, ಅಂಗುಳಿಗೆ ಒತ್ತಿ ಹಿಡಿಯಿರಿ. ಒರಟು ಒರಟಾಗಿ ಸಿಕ್ಕಿ ಕೂಡ್ಲೇ ನೀರಾಗಿ ಹೋದ್ರೆ ಅದು ಮಂಜು. ಸಣ್ಣ ಮರಳಿನ ಹಾಗೆ ಸಿಕ್ಕಿ, ಐಸ್‌ಕ್ರೀಂ ಪೂರಾ ಕರಗಿದ ಮೇಲೂ ನಾಲಿಗೆಯಲ್ಲಿ ಉಳಿದ್ರೆ ಅದು ಹಾಲಿನ ಸಕ್ಕರೆ, ಮಂಜು ಅಲ್ಲ. ಅಂಗುಳಿಗೆ ಮೇಣ ಹಚ್ಚಿದ ಹಾಗೆ ಜಿಡ್ಡು ಕೂತ್ರೆ ಕೊಬ್ಬು. ಈ ಮೂರೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ. ನಾನು ಮರಳನ್ನು ಮಂಜು ಅಂತ ತಿಳ್ಕೊಂಡು ಹಾಲಿನ ಪುಡಿ ಇನ್ನೂ ಜಾಸ್ತಿ ಹಾಕಿದ್ದುಂಟು, ಬೆಂಕಿಗೆ ತುಪ್ಪ ಹಾಕಿದ ಹಾಗೆ ಆಯ್ತು.

ಬಾಯಲ್ಲಿ ಕಟಕಟ ಅಂತದೆ, ಮಂಜುಗಡ್ಡೆ ಸಿಗ್ತದೆ

ನೂರಕ್ಕೆ ತೊಂಬತ್ತು ಜನರ ಕಂಪ್ಲೇಂಟ್ ಇದೇ ಅಂತ ನನ್ನ ಅಂದಾಜು. ಐಸ್‌ಕ್ರೀಂ ಅಂದ್ರೆ ಮಂಜು ಇಲ್ಲದ್ದು ಅಲ್ಲ, ಮಂಜಿನ ಹರಳು ನಾಲಿಗೆಗೆ ಗೊತ್ತಾಗದಷ್ಟು ಸಣ್ಣದಿರುವುದು. ಹರಳು ಸುಮಾರು 50 ಮೈಕ್ರಾನ್‌ಗಿಂತ, ಅಂದ್ರೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲಿಗಿಂತ, ದೊಡ್ಡದಾದ್ರೆ ನಾಲಿಗೆ ಹಿಡೀತದೆ. ಬೇಗ ಗಟ್ಟಿಯಾದ್ರೆ ಹರಳು ಸಣ್ಣ, ನಿಧಾನ ಆದ್ರೆ ದೊಡ್ಡದು. ಫ್ಯಾಕ್ಟರಿಯಲ್ಲಿ ತಿರುಗುವ ಮೆಷಿನಲ್ಲಿ ಕೆಲವೇ ನಿಮಿಷದಲ್ಲಿ ಆಗುವ ಕೆಲಸ ನಮ್ಮ ಫ್ರೀಜರಲ್ಲಿ ಐದಾರು ಗಂಟೆ ಹಿಡೀತದೆ, ವ್ಯತ್ಯಾಸ ಇರುದೇ ಅಲ್ಲಿ. ಹಾಗಾಗಿ ಮೊದ್ಲು ನೋಡ್ಬೇಕಾದ್ದು ತಂಪನ್ನು.

ಎಲ್ಲಕ್ಕಿಂತ ಸುಲಭದ ಚೆಕ್: ಅಂಗಡಿಯಿಂದ ಒಂದು ಸಣ್ಣ ವೆನಿಲ್ಲಾ ಕಪ್ ತನ್ನಿ, ನಿಮ್ಮ ಫ್ರೀಜರಿನಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಆ ಮರದ ಚಪ್ಪಟೆ ಚಮಚ ಸಲೀಸಾಗಿ ಒಳಗೆ ಇಳಿದ್ರೆ ಫ್ರೀಜರಿನ ತಂಪು ಸಾಲದು ಅಂತ ಅರ್ಥ. ಮೈನಸ್ 18 ಡಿಗ್ರಿಯಲ್ಲಿ ಅಂಗಡಿ ಐಸ್‌ಕ್ರೀಮೂ ಗಟ್ಟಿ ಇರ್ತದೆ, ಚಮಚ ಬಾಗ್ತದೆ. ಟೆಸ್ಟ್ ಮುಗಿದ ಮೇಲೆ ಕಪ್ ತಿನ್ನಬಹುದು, ನಷ್ಟ ಇಲ್ಲ.

ತಂಪು ಸಾಲದು ಅಂತ ಗೊತ್ತಾದ್ರೆ ಕೂಡ್ಲೇ ಮೆಕ್ಯಾನಿಕ್‌ಗೆ ಫೋನ್ ಮಾಡ್ಬೇಡಿ. ನಾಬ್ ಎಷ್ಟರಲ್ಲಿ ಉಂಟು ನೋಡಿ, ಚಳಿಗಾಲದಲ್ಲಿ ಕಮ್ಮಿ ಮಾಡಿದ್ದು ಹಾಗೇ ಉಳಿದಿರ್ತದೆ. ಸಿಂಗಲ್ ಡೋರ್ ಆದ್ರೆ ಗೋಡೆಯಲ್ಲಿ ಅರ್ಧ ಇಂಚಿಗಿಂತ ಜಾಸ್ತಿ ಮಂಜು ಕಟ್ಟಿದೆಯಾ ನೋಡಿ, ಆ ಮಂಜು ಕಂಬಳಿ ಹೊದ್ದ ಹಾಗೆ, ತಂಪು ಹೊರಗೆ ಬರ್ಲಿಕ್ಕೆ ಬಿಡುದಿಲ್ಲ, ಡಿಫ್ರಾಸ್ಟ್ ಮಾಡಿ. ಫ್ರಿಜ್ ಗೋಡೆಗೆ ಒತ್ತಿ ನಿಂತಿದ್ರೆ ಸ್ವಲ್ಪ ಎದುರು ಎಳೆಯಿರಿ. ಆಮೇಲೆ ಕಾಗದದ ಟೆಸ್ಟ್: ಒಂದು ಹಳೇ ಬಿಲ್ ತೆಗೆದು ಬಾಗಿಲಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಇಟ್ಟು ಮುಚ್ಚಿ ಎಳೆಯಿರಿ. ಹಿಡಿದುಕೊಂಡ್ರೆ ಸರಿ, ಜಾರಿ ಬಂದ್ರೆ ಅಲ್ಲಿ ರಬ್ಬರ್ ಸಡಿಲ. ನಾಲ್ಕೂ ಬದಿ ಮಾಡ್ಬೇಕು, ಒಂದೇ ಕಡೆ ನೋಡಿ ಬಿಟ್ರೆ ಆಗುದಿಲ್ಲ.

ನನ್ನ ಕೇಸಲ್ಲಿ ಇದೇ ಆದದ್ದು. ಜೂನ್ 1ರಿಂದ ಜುಲೈ 31ರ ತನಕ ಮೀನಿನ ಬೋಟ್ ಕಡಲಿಗೆ ಇಳಿಯುದಿಲ್ಲ ಅಂತ ಮೇ ಕಡೆಗೆ ನಮ್ಮ ಮನೆಯಲ್ಲಿ ಅಂಜಲ್ ಮೀನು ಕಟ್ ಮಾಡಿಸಿ ಪ್ಯಾಕೆಟ್ ಪ್ಯಾಕೆಟ್ ತುಂಬಿಸುದು. ಅದರಲ್ಲಿ ಒಂದು ಪ್ಯಾಕೆಟಿನ ಮೂಲೆ ಬಾಗಿಲಿಗೆ ಒತ್ತಿಕೊಂಡೇ ಇತ್ತು, ಎಷ್ಟು ದಿನದಿಂದ ಅಂತ ದೇವರಿಗೇ ಗೊತ್ತು, ಆ ಜಾಗದಲ್ಲಿ ರಬ್ಬರ್ ಬಾಯಿ ಬಿಟ್ಟು ಅದೇ ಆಕಾರದಲ್ಲಿ ಗಟ್ಟಿಯಾಗಿತ್ತು. ಕೆಳಗೆ ನೀರು ಬೀಳ್ತದೆ ಅಂತ ಕರೆಸಿದ ಮೆಕ್ಯಾನಿಕ್ ಹುಡುಗ ಮೊಬೈಲ್ ಟಾರ್ಚ್ ಹಾಕಿ ಫ್ರೀಜರಿನ ಒಳಗಿಟ್ಟು ಬಾಗಿಲು ಮುಚ್ಚಿದ, ಅಡುಗೆಮನೆ ಲೈಟ್ ಆಫ್ ಮಾಡಿಸಿದ, ಬಲಗಡೆ ಕೆಳಗಿನ ಮೂಲೆಯಲ್ಲಿ ಬೆರಳಿನಷ್ಟು ಉದ್ದ ಬೆಳಕಿನ ಗೆರೆ. "ಅಕ್ಕಾ, ಗ್ಯಾಸ್ ಎಲ್ಲ ಸರಿ ಉಂಟು, ಬಾಗಿಲೇ ಮುಚ್ತಾ ಇಲ್ಲ ನಿಮ್ದು" ಅಂದ. ನಾನು ನಾಲ್ಕು ರೆಸಿಪಿ ಬದಲಾಯಿಸಿದ್ದನ್ನು ಅವನಿಗೆ ಹೇಳ್ಲಿಲ್ಲ. ಸ್ವಲ್ಪ ಸೊಟ್ಟ ಆದ ರಬ್ಬರನ್ನು ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಟು ಮೆತ್ತಗೆ ಮಾಡಿ ಸರಿಮಾಡಬಹುದು, ಪ್ಲಗ್ ತೆಗೆದು ಮಾಡಿ. ಹರಿದಿದ್ರೆ ಹೊಸತೇ ಹಾಕಿಸ್ಬೇಕು.

ಫ್ರೀಜರ್ ಸರಿ ಉಂಟು, ಆದ್ರೂ ಕಟಕಟ ಅಂದ್ರೆ ಮುಂದಿನದ್ದು ಪಾತ್ರೆ. ಆಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಡು ಗಟ್ಟಿಯಾಗುವಷ್ಟರಲ್ಲಿ ಬೆಳಗಾಗ್ತದೆ. ಅಗಲದ ಸ್ಟೀಲ್ ತಟ್ಟೆಯಲ್ಲಿ ಎರಡು ಇಂಚು ದಪ್ಪಕ್ಕೆ ಹಾಕಿ, ಫ್ರೀಜರಿನ ತಳಕ್ಕೆ ತಾಗುವ ಹಾಗೆ ಇಡಿ, ಮುಕ್ಕಾಲು ಗಂಟೆಗೊಮ್ಮೆ ತೆಗೆದು ಮೂರ್ನಾಲ್ಕು ಸಲ ಹೊಡೆಯಿರಿ, ಆಮೇಲೆ ಡಬ್ಬಿಗೆ ಹಾಕಿದ್ರೆ ಸಾಕು. ಬಿಸಿ ಆರದ ಮಿಕ್ಸ್ ಫ್ರೀಜರಿಗೆ ಹಾಕ್ಬೇಡಿ, ಮೊದ್ಲು ಪಾತ್ರೆಯನ್ನು ತಣ್ಣೀರಲ್ಲಿಟ್ಟು ಆರಿಸಿ, ಕೆಳಗಿನ ಫ್ರಿಜ್‌ನಲ್ಲಿ ನಾಲ್ಕು ಗಂಟೆ, ಸಾಧ್ಯ ಆದ್ರೆ ಒಂದು ರಾತ್ರಿ ಇಡಿ. ನಮ್ಮ ಸೆಕೆಗೆ ಕುದಿಸಿದ ಹಾಲನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇಡ್ಲಿಕ್ಕೇ ಬಾರದು, ಆರ್ಲಿ ಅಂತ ಬಿಟ್ಟು ಮಲಗಿದ್ರೆ ಬೆಳಿಗ್ಗೆ ಅದು ಐಸ್‌ಕ್ರೀಮಿಗೂ ಇಲ್ಲ, ಮೊಸರಿಗೂ ಇಲ್ಲ.

ರೆಸಿಪಿ ಕಡೆಗೆ ಬರುದು ಇದೆಲ್ಲ ಆದ ಮೇಲೆ. ಅಲ್ಲಿ ತಪ್ಪು ಸಾಮಾನ್ಯವಾಗಿ ಒಂದೇ, ನೀರು ಜಾಸ್ತಿ. ಕಾನೂನು ಪ್ರಕಾರ ಐಸ್‌ಕ್ರೀಂ ಅಂತ ಹೆಸರು ಹಾಕಿ ಮಾರ್ಬೇಕಾದ್ರೆ ಹಾಲಿನ ಕೊಬ್ಬು 10 ಪರ್ಸೆಂಟ್ ಬೇಕು, ನೀರು ಬಿಟ್ಟು ಉಳಿದ ಘನ ಎಲ್ಲ ಸೇರಿ 36. ನನ್ನ ಅಳತೆಯಲ್ಲಿ ಲೆಕ್ಕ ಹಾಕಿ: ಫುಲ್ ಕ್ರೀಂ ಹಾಲು 6 ಪರ್ಸೆಂಟ್, ಅರ್ಧ ಲೀಟರಿಗೆ 30 ಗ್ರಾಂ ಕೊಬ್ಬು, 25 ಪರ್ಸೆಂಟಿನ ಕ್ರೀಂ 200 ಎಂಎಲ್‌ಗೆ 50 ಗ್ರಾಂ, ಒಟ್ಟು 80. ಮಿಕ್ಸ್ ಎಲ್ಲ ಸೇರಿ 850 ಗ್ರಾಂ ಹತ್ತಿರ, ಅಂದ್ರೆ ಒಂಬತ್ತೂವರೆ ಪರ್ಸೆಂಟ್. ಹಾಲನ್ನು 400 ಎಂಎಲ್‌ಗೆ ಬತ್ತಿಸಿದ್ರೆ ಹತ್ತು ದಾಟ್ತದೆ. ದಿನಾ ಚಾಯಕ್ಕೆ ತರುವ ನೀಲಿ ಪ್ಯಾಕೆಟಿನ ಟೋನ್ಡ್ ಹಾಲಲ್ಲಿ ಇರುದು 3 ಪರ್ಸೆಂಟ್, ಅದರಲ್ಲಿ ಮಾಡಿದ್ರೆ ಏಳೂವರೆ ಹತ್ತಿರ ನಿಲ್ತದೆ. ಹತ್ತು ರೂಪಾಯಿ ಉಳಿಸ್ಲಿಕ್ಕೆ ಹೋಗಿ ಇಡೀ ಡಬ್ಬಿ ಹೋಗ್ತದೆ.

ಕಲ್ಲಿನ ಹಾಗೆ ಗಟ್ಟಿ, ಚಮಚ ಇಳಿಯುದಿಲ್ಲ

ಹೊರಗೆ ಹತ್ತು ನಿಮಿಷ ಇಡಿ, ಮೇ ತಿಂಗಳಲ್ಲಾದ್ರೆ ಐದೇ ಸಾಕು. ಆಗ ಮೆತ್ತಗಾದ್ರೆ ಅದು ದೋಷವೇ ಅಲ್ಲ. ಆದ್ರೂ ಗಟ್ಟಿ ಇದ್ರೆ ಸಕ್ಕರೆ ಕಮ್ಮಿ ಇಲ್ಲಾ ಗಾಳಿ ಕಮ್ಮಿ. ಸಕ್ಕರೆ ಸಿಹಿಗೆ ಮಾತ್ರ ಅಂತ ಎಣಿಸ್ಬೇಡಿ, ಅದು ನೀರನ್ನು ಪೂರಾ ಗಟ್ಟಿಯಾಗ್ಲಿಕ್ಕೆ ಬಿಡುದಿಲ್ಲ. ಅಪ್ಪನಿಗೆ ಶುಗರ್ ಉಂಟು ಅಂತ ಅರ್ಧ ಸಕ್ಕರೆ ಹಾಕಿದ್ರೆ ಇಟ್ಟಿಗೆ ಆಗುದೇ. ಇಡೀ ಮಿಶ್ರಣದ ತೂಕದ 14-16 ಪರ್ಸೆಂಟ್ ಸಕ್ಕರೆ ಬೇಕಾಗ್ತದೆ. ಗಾಳಿ ಅಂದ್ರೆ ಬೀಟರಲ್ಲಿ ಹೊಡೆದದ್ದು. ಒಂದು ಲೀಟರ್ ಐಸ್‌ಕ್ರೀಂ ಕನಿಷ್ಠ 525 ಗ್ರಾಂ ತೂಗಿದ್ರೆ ಸಾಕು ಅಂತ ಅಂಗಡಿಯವರಿಗೆ ನಿಯಮ, ಉಳಿದ ಜಾಗ ಎಲ್ಲ ಗಾಳಿಯೇ ಅಂತ ನೀವೇ ಅರ್ಥ ಮಾಡ್ಕೊಳ್ಳಿ.

ಗಟ್ಟಿಯೇ ಆಗುದಿಲ್ಲ, ಪಾಯಸದ ಹಾಗೆ ಉಂಟು

ಮೇಲೆ ಹೇಳಿದ ಕಪ್ ಟೆಸ್ಟ್ ಮಾಡಿ. ಕಪ್ ಗಟ್ಟಿಯಾಗಿ ನಿಮ್ಮದು ಮಾತ್ರ ಮೆತ್ತಗೆ ಇದ್ರೆ ಸಿಹಿ ಜಾಸ್ತಿಯಾಗಿದೆ. ಕಂಡೆನ್ಸ್‌ಡ್ ಮಿಲ್ಕ್ ಪೂರ್ತಿ ಟಿನ್ ಸುರಿದು ಮೇಲಿಂದ ಸಕ್ಕರೆಯೂ ಹಾಕುದು, ಇದು ಎಲ್ಲರೂ ಮಾಡುವ ತಪ್ಪು. ಅದಕ್ಕೆ ಸಿಹಿ ಇಲ್ಲದ ಹಾಲು ಕ್ರೀಂ ಸೇರಿಸಿ ಪುನಃ ಹೊಡೆದ್ರೆ ಸರಿಯಾಗ್ತದೆ. ರಮ್ ಹಾಕಿದವರು ಎರಡು ಚಮಚಕ್ಕೆ ನಿಲ್ಲಿಸಿ.

ಮರಳಿನ ಹಾಗೆ, ಕರಗಿದ್ರೂ ಉಳಿತದೆ

ಹಾಲಿನ ಪುಡಿ ಜಾಸ್ತಿ. ಹಾಲಿನಲ್ಲೇ ಇರುವ ಲ್ಯಾಕ್ಟೋಸ್ ಅಷ್ಟು ಚಳಿಯಲ್ಲಿ ಕರಗಿ ನಿಲ್ಲುದಿಲ್ಲ, ಹರಳು ಕಟ್ತದೆ. ಮಾಡಿದ ದಿನ ಚಂದ ಇದ್ದು ಎರಡು ವಾರ ಕಳೆದು ಮರಳಾದ್ರೆ ಇದೇ ಅಂತ ಗ್ಯಾರಂಟಿ. ಪುಡಿ ಕಮ್ಮಿ ಮಾಡಿ, ಬೇಗ ತಿಂದು ಮುಗಿಸಿ. ಮೊದಲ ದಿನವೇ ಗಂಟು ಗಂಟು ಸಿಕ್ಕಿದ್ರೆ ಮಾತ್ರ ಪುಡಿ ಸರಿ ಕಲಸ್ಲಿಲ್ಲ ಅಷ್ಟೇ, ಮುಂದಿನ ಸಲ ತಣ್ಣಗಿನ ಹಾಲಲ್ಲಿ ಕಲಸಿ ಸೋಸಿ.

ಬೆಣ್ಣೆ ಬೆಣ್ಣೆ, ಅಂಗುಳಿಗೆ ಜಿಡ್ಡು ಹಿಡೀತದೆ

ಕ್ರೀಮನ್ನು ಹೊಡೆದು ಹೊಡೆದು ಬೆಣ್ಣೆ ಮಾಡಿದ್ದೀರಿ. ಇಲ್ಲಿನ ಸೆಕೆಗೆ ಫ್ರಿಜ್‌ನಿಂದ ತೆಗೆದ ಕ್ರೀಂ ಹತ್ತು ನಿಮಿಷದಲ್ಲಿ ಬೆಚ್ಚಗಾಗ್ತದೆ, ಬೆಚ್ಚಗಿನ ಕ್ರೀಂ ನೊರೆ ಬರುದಿಲ್ಲ, ಒಡೀತದೆ. ಪಾತ್ರೆ ಬೀಟರ್ ಕಡ್ಡಿ ಎಲ್ಲ ಮೊದ್ಲೇ ಅರ್ಧ ಗಂಟೆ ಫ್ರೀಜರಲ್ಲಿಡಿ. ಇನ್ನೊಂದು, ಟೆಟ್ರಾ ಪ್ಯಾಕಿನ 25 ಪರ್ಸೆಂಟ್ ಫ್ರೆಶ್ ಕ್ರೀಂ ಎಷ್ಟು ಹೊಡೆದ್ರೂ ಗಟ್ಟಿ ನಿಲ್ಲುದಿಲ್ಲ, ಅದಕ್ಕೆ 30ರ ಮೇಲೆ ಕೊಬ್ಬು ಬೇಕು. ನಿಲ್ಲುದಿಲ್ಲ ಅಂತ ಹಠ ಹಿಡಿದು ಹೊಡೀತಾ ಕೂರ್ಬೇಡಿ, ದಪ್ಪ ಆದ ಕೂಡ್ಲೇ ಹಾಲಿನ ಮಿಶ್ರಣಕ್ಕೆ ಸೇರಿಸಿ. ಬೆಣ್ಣೆಯೇ ಆಗಿ ಹೋದ್ರೆ ಬೇರೆ ಮಾಡಿ ದೋಸೆಗೆ ಹಾಕಿ. ಮೇಣದ ಹಾಗೆ ಬಿಳಿ ಚುಕ್ಕಿ ಕಂಡ್ರೆ ಅದು ಬೆಣ್ಣೆಯಲ್ಲ, ಕರಗದ ಜಿಎಂಎಸ್, ಅದನ್ನು ತಣ್ಣಗಿನ ಹಾಲಲ್ಲಿ ಕಲಸಿ ಕುದಿಸ್ಲೇಬೇಕು.

ಅಂಟು ಅಂಟು, ಗಂಜಿ ತಿಂದ ಹಾಗೆ ಆದ್ರೆ ಸಿಎಂಸಿ ಇಲ್ಲಾ ಕಾರ್ನ್‌ಫ್ಲೋರ್ ಜಾಸ್ತಿ ಬಿದ್ದಿದೆ. ಕಾಲು ಚಮಚ ಅಂದ್ರೆ ಕಾಲೇ, ಕಣ್ಣಳತೆ ಬೇಡ. ಹಸಿ ಹಿಟ್ಟಿನ ರುಚಿ ಬಂದ್ರೆ ಕಾರ್ನ್‌ಫ್ಲೋರ್ ಬೇಯ್ಲಿಲ್ಲ, ಎರಡು ನಿಮಿಷ ಕುದಿಬೇಕು.

ಹಣ್ಣು ಹಾಕಿದ ಮೇಲೆ ಕೆಟ್ಟದ್ದು

ಅನಾನಸು ಹಾಕಿ ಒಂದು ದಿನ ಬಿಟ್ಟು ಕಹಿ ಬಂತು, ಹಾಲು ಒಡೆದ ಹಾಗಾಯ್ತು ಅಂದ್ರೆ ಹಾಲು ಹಾಳಾದದ್ದಲ್ಲ. ಹಸಿ ಅನಾನಸಿನಲ್ಲಿ ಪ್ರೋಟೀನ್ ಕತ್ತರಿಸುವ ಒಂದು ಕಿಣ್ವ ಉಂಟು, ಬ್ರೋಮೆಲೈನ್ ಅಂತ, ಅದು ಹಾಲಿನ ಪ್ರೋಟೀನನ್ನು ಕತ್ತರಿಸಿ ಕಹಿ ಮಾಡ್ತದೆ. ಸಕ್ಕರೆ ಹಾಕಿ ಐದು ನಿಮಿಷ ಬೇಯಿಸಿದ್ರೆ ಅದರ ಆಟ ನಿಲ್ತದೆ. ಪಪ್ಪಾಯಿಯದ್ದೂ ಇದೇ ಕಥೆ. ಮನೆಯಲ್ಲಿ ಗಡ್‌ಬಡ್ ಜೋಡಿಸುವವರು ಇಲ್ಲೇ ಎಡವುದು, ಗ್ಲಾಸಿನ ತಳದಲ್ಲಿ ಜೆಲ್ಲಿ, ಮೇಲೆ ಹಸಿ ಅನಾನಸು, ಅರ್ಧ ಗಂಟೆಯಲ್ಲಿ ಜೆಲ್ಲಿ ನೀರು. ಅದು ಜೆಲಾಟಿನ್ ಜೆಲ್ಲಿ ಆಗಿದ್ರೆ ಮಾತ್ರ ಹಾಗೆ, ಯಾಕಂದ್ರೆ ಜೆಲಾಟಿನ್ ಕೂಡ ಪ್ರೋಟೀನೇ. ಚೈನಾ ಗ್ರಾಸ್‌ನದ್ದು ಕಡಲ ಪಾಚಿಯಿಂದ ಬರುದು, ಅದಕ್ಕೆ ಅನಾನಸು ಎಂತ ಮಾಡ್ಲಿಕ್ಕೆ ಆಗುದಿಲ್ಲ, ನಮ್ಮ ಸೆಕೆಯಲ್ಲೂ ಮೇಜಿನ ಮೇಲೆ ಗಟ್ಟಿ ನಿಲ್ತದೆ. ಜೆಲಾಟಿನ್ ಪ್ರಾಣಿಗಳದ್ದು, ನೆಂಟರಲ್ಲಿ ಶುದ್ಧ ಸಸ್ಯಾಹಾರಿಗಳಿದ್ರೆ ಮೊದ್ಲೇ ಕೇಳಿ.

ಮಾವಿನ ರಸ ಬಿಸಿ ಹಾಲಿಗೆ ಹಾಕಿದ್ರೆ ಹುಳಿಗೆ ಒಡೀತದೆ, ಎರಡೂ ತಣ್ಣಗಿರುವಾಗ ಸೇರಿಸಿ, ನೀರು ನೀರಾದ ಜಾತಿಯ ಮಾವಾದ್ರೆ ರಸವನ್ನು ಮೊದ್ಲು ಬತ್ತಿಸಿ ತಣಿಸಿ. ಬೊಂಡದ (ಎಳನೀರಿನ) ಐಸ್‌ಕ್ರೀಮಲ್ಲಿ ಮಂಜು ಸಿಕ್ಕಿದ್ರೆ ನೀವು ಬೊಂಡದ ನೀರು ಹಾಕಿದ್ದೀರಿ. ಒಳಗಿನ ಎಳೆ ತಿರುಳು ಮಾತ್ರ ಹಾಕಿ, ನೀರು ಕುಡಿಯಿರಿ.

ಮೀನಿನ ವಾಸನೆ ಬರ್ತದೆ

ನಗ್ಬೇಡಿ, ಕರಾವಳಿಯ ಅರ್ಧ ಮನೆಯ ಸಮಸ್ಯೆ ಇದು. ಕೊಬ್ಬಿಗೆ ವಾಸನೆ ಅಂಟ್ತದೆ. ಐಸ್‌ಕ್ರೀಮಿನ ಮೈಗೆ ತಾಗುವ ಹಾಗೆ ಪ್ಲಾಸ್ಟಿಕ್ ಹಾಳೆ ಒತ್ತಿ, ಅದರ ಮೇಲೆ ಬಿಗಿ ಮುಚ್ಚಳ ಹಾಕಿ. ಮೀನನ್ನು ಎರಡು ಕವರಲ್ಲಿ ಕಟ್ಟಿ, ಐಸ್‌ಕ್ರೀಂ ಡಬ್ಬಿಗಿಂತ ಕೆಳಗೆ ಇಡಿ, ಹಸಿ ಮೀನಿನ ನೀರು ಐಸ್‌ಕ್ರೀಂ ಮೇಲೆ ಬಿದ್ರೆ ವಾಸನೆ ಮಾತ್ರದ ವಿಷಯ ಅಲ್ಲ. ಹಾಗೇ ಉಪ್ಪು-ಮಂಜುಗಡ್ಡೆ ಬಕೆಟಿನಲ್ಲಿ ತಿರುಗಿಸಿ ಮಾಡುವವರಿಗೂ ಒಂದು ಮಾತು: ಉಪ್ಪು ಹಾಕಿದ ಐಸ್ ಮೈನಸ್ 20ರ ತನಕ ಇಳೀತದೆ, ಬರಿಗೈಯಲ್ಲಿ ಹಿಡಿದ್ರೆ ಚರ್ಮ ಹೋಗ್ತದೆ. ಮತ್ತೆ ಧಕ್ಕೆಯಿಂದ (ಮೀನಿನ ಬಂದರಿನಿಂದ) ತಂದ ಐಸ್ ಮೀನಿಗೆ ಮಾಡಿದ್ದು, ಅದರ ಒಂದು ಹನಿಯೂ ಒಳಗೆ ಹೋಗ್ಬಾರದು.

ಕರೆಂಟ್ ಹೋಗಿ ಕರಗಿತು, ಪುನಃ ಇಡಬಹುದಾ

ಜೂನ್ ತಿಂಗಳಲ್ಲಿ ಮರ ಬಿದ್ರೆ ನಮ್ಮಲ್ಲಿ ರಾತ್ರಿಯಿಡೀ ಕರೆಂಟ್ ಇಲ್ಲ. ಬಾಗಿಲು ತೆಗೆಯದಿದ್ರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿತದೆ; ಫ್ರಿಜ್‌ನ ಒಳಗೇ ಇರುವ ಸಣ್ಣ ಫ್ರೀಜರಿಂದ ಅಷ್ಟು ನಿರೀಕ್ಷೆ ಮಾಡ್ಬೇಡಿ. ಕರಗಿಯಾ ನೋಡ್ವ ಅಂತ ಹತ್ತು ಸಲ ತೆಗೆದು ನೋಡುದೇ ಅದನ್ನು ಕರಗಿಸುದು. ಅಂಚು ಮೆತ್ತಗಾಗಿ ನಡು ಗಟ್ಟಿ ಇದ್ರೆ ಅವತ್ತೇ ತಿಂದು ಮುಗಿಸಿ. ಪೂರಾ ನೀರಾಗಿ ಎಷ್ಟು ಹೊತ್ತಾಯ್ತು ಅಂತ ಗೊತ್ತಿಲ್ಲದಿದ್ರೆ ಚೆಲ್ಲಿ. ಪುನಃ ಗಟ್ಟಿ ಮಾಡಿದ್ರೆ ಬ್ಯಾಕ್ಟೀರಿಯಾ ಸಾಯುದಿಲ್ಲ, ನಿದ್ದೆ ಮಾಡ್ತದೆ ಅಷ್ಟೇ, ಕೆಲವು ಬಿಟ್ಟ ವಿಷ ಕುದಿಸಿದ್ರೂ ಹೋಗುದಿಲ್ಲ. ವಾಸನೆ ಸರಿ ಉಂಟಲ್ಲ ಅಂತ ರುಚಿ ನೋಡ್ಲಿಕ್ಕೂ ಹೋಗ್ಬೇಡಿ, ಮಕ್ಕಳು, ಬಸುರಿ ಹೆಂಗಸರು, ವಯಸ್ಸಾದವರು ಇದ್ದ ಮನೆಯಲ್ಲಿ ಮೊದ್ಲೇ ಬೇಡ. ತಿಂದ ಮೇಲೆ ವಾಂತಿ ಭೇದಿ ನಿಲ್ಲದಿದ್ರೆ, ಜ್ವರ ಬಂದ್ರೆ, ಮಗು ಮೂತ್ರ ಮಾಡುದು ಕಮ್ಮಿಯಾದ್ರೆ ಮನೆಮದ್ದು ಬಿಟ್ಟು ಡಾಕ್ಟ್ರ ಹತ್ರ ಹೋಗಿ. ಹಸಿ ಮೊಟ್ಟೆ ಹಾಕುವ ರೆಸಿಪಿ ನಾನು ಮಾಡುದೇ ಇಲ್ಲ, ಕಸ್ಟರ್ಡ್ ಪುಡಿ ಸಾಕು.

ಎಲ್ಲ ಮಾಡಿ ಆಯ್ತು, ಕಪ್ ಟೆಸ್ಟ್ ಮಾತ್ರ ಪಾಸ್ ಆಗುದಿಲ್ಲ

ಇಲ್ಲಿಗೆ ನಿಮ್ಮ ಕೆಲಸ ಮುಗೀತು, ಫ್ರಿಜ್ ರಿಪೇರಿಯವರಿಗೆ ಬಿಡಿ. ಕಂಪ್ರೆಸರ್ ಓಡ್ತಾನೇ ಉಂಟು ಆದ್ರೂ ತಂಪಿಲ್ಲ, ಇಲ್ಲಾ ಟಕ್ ಅಂತ ಶುರುವಾಗಿ ಕೂಡ್ಲೇ ನಿಲ್ತದೆ, ಇಲ್ಲಾ ಒಂದು ಮೂಲೆಯಲ್ಲಿ ಮಾತ್ರ ಮಂಜು ಕಟ್ತದೆ, ಇದೆಲ್ಲ ಗ್ಯಾಸ್, ವೋಲ್ಟೇಜು, ರಿಲೇ ಕಡೆಯ ವಿಷಯ, ಯೂಟ್ಯೂಬ್ ನೋಡಿ ಹಿಂದಿನ ಮುಚ್ಚಳ ಬಿಚ್ಚುವುದು ಬೇಡ. ಮಳೆಗಾಲದಲ್ಲಿ ಫ್ರಿಜ್ ಮುಟ್ಟಿದ್ರೆ ಜುಮ್ ಅಂದ್ರೆ ಐಸ್‌ಕ್ರೀಂ ವಿಚಾರ ಬಿಟ್ಟು ಮೊದ್ಲು ಆ ಲೈನಿನ ಎಂಸಿಬಿ (ಬೋರ್ಡಿನ ಟ್ರಿಪ್ ಸ್ವಿಚ್) ಆಫ್ ಮಾಡಿ, ಅರ್ಥಿಂಗ್ ನೋಡಿಸದೆ ಪುನಃ ಆನ್ ಮಾಡ್ಬೇಡಿ.

ಮತ್ತೆ ಮಂಜು ಕೀಳ್ಲಿಕ್ಕೆ ಚೂರಿ, ಸ್ಕ್ರೂಡ್ರೈವರ್ ಹಾಕುವ ಅಭ್ಯಾಸ ಇದ್ದವರು ದಯವಿಟ್ಟು ನಿಲ್ಲಿಸಿ. ಆ ಅಲ್ಯೂಮಿನಿಯಂ ಗೋಡೆಯ ಒಳಗೇ ಗ್ಯಾಸ್ ಹೋಗುವ ದಾರಿ ಇರುದು, ಈಗಿನ ಹೆಚ್ಚಿನ ಫ್ರಿಜ್ಜಲ್ಲಿ ಆರ್600ಎ ಅಂತ ಬರೆದಿರ್ತದೆ, ಅಂದ್ರೆ ಐಸೋಬ್ಯುಟೇನ್, ಬೆಂಕಿ ಹಿಡಿಯುವ ಗ್ಯಾಸ್. ಚುಚ್ಚಿ ಹೋಗಿ ಸುಸ್ಸ್ ಅಂತ ಶಬ್ದ ಬಂದ್ರೆ ಸ್ವಿಚ್ ಮುಟ್ಬೇಡಿ, ಸ್ಟವ್ ಉರೀತಾ ಇದ್ರೆ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆದು ಎಲ್ಲರೂ ಹೊರಗೆ ಬನ್ನಿ, ಫೋನ್ ಜಗಲಿಯಿಂದ ಮಾಡಿ. ಡಿಫ್ರಾಸ್ಟಿಗೆ ಪ್ಲಗ್ ತೆಗೆದು, ಬಾಗಿಲು ತೆರೆದಿಟ್ಟು, ಒಳಗೆ ಒಂದು ಪಾತ್ರೆ ಬಿಸಿನೀರು ಇಟ್ರೆ ನಮ್ಮ ಊರಿನ ಸೆಕೆಗೆ ಒಂದು ಗಂಟೆಯಲ್ಲಿ ತನ್ನಿಂದ ತಾನೇ ಕಳಚಿ ಬೀಳ್ತದೆ. ಅಷ್ಟು ಹೊತ್ತು ಅಂಜಲ್ ಪಕ್ಕದ ಮನೆಯವರ ಫ್ರಿಜ್‌ನಲ್ಲಿ ಇರ್ಲಿ.